ನಿಧಾನದ ಗುಮಾಸ್ತರ ಕೊನೆಯ ಸಂಬಳ

ಲೆಕ್ಕ ಇತ್ಯರ್ಥ ಶಾಖೆ
ಸುತ್ತೋಲೆ ಸಂಖ್ಯೆ: ಲೆಇಶಾ/ವಜಾ/19/ತಿದ್ದುಪಡಿ-3

ವಿಷಯ: ಕೆಲಸದಲ್ಲಿ ನಿಧಾನವೆಂದು ವಜಾಗೊಂಡ ಗುಮಾಸ್ತರಿಗೆ ಅಂತಿಮ ವೇತನ ಪಾವತಿಸುವ ಬಗ್ಗೆ.

ಉಲ್ಲೇಖ: 1) ಸದರಿ ಗುಮಾಸ್ತರ ಮನವಿ. 2) ಅದೇ ಮನವಿ. 3) ಅದೇ ಮನವಿ, ಕೆಂಪು ಶಾಯಿಯಲ್ಲಿ.

ದಿನಕ್ಕೆ ಮೂವತ್ತು ಕಡತ ಮುಗಿಸಬೇಕಾದಲ್ಲಿ ಹನ್ನೊಂದನ್ನಷ್ಟೇ ಮುಗಿಸುತ್ತಿದ್ದ, ಪ್ರತಿ ಮೊತ್ತವನ್ನೂ ಬೆರಳಿಟ್ಟು ಎರಡೆರಡು ಸಲ ಕೂಡುವ ಚಟವಿದ್ದ ಗುಮಾಸ್ತರನ್ನು ಸೇವೆಯಿಂದ ತೆಗೆಯಲಾಗಿದೆ. ಅಂತಿಮ ವೇತನದ ಲೆಕ್ಕ ಹಾಕಲು ಈ ಶಾಖೆಯಲ್ಲಿ ಬರುತ್ತಿದ್ದುದು ಅವರೊಬ್ಬರಿಗೇ ಎಂಬುದು ತೆಗೆದ ಮೇಲೆ ಗಮನಕ್ಕೆ ಬಂದಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಅಂತಿಮ ವೇತನವನ್ನು ವಜಾ ಆದ ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದು. ಕೆಲಸದ ದಿನವೆಂದರೆ ಶಾಖೆಯಲ್ಲಿ ಕೆಲಸ ನಡೆದ ದಿನ. ಕಳೆದ ಹತ್ತೊಂಬತ್ತು ದಿನಗಳಲ್ಲಿ ಅಂಥದ್ದು ಕಂಡುಬಂದಿಲ್ಲ.

2. ಚುರುಕಿಗೆ ಹೆಸರಾದ ಉಪ ಮೇಲ್ವಿಚಾರಕರು ಈ ಲೆಕ್ಕವನ್ನು ಮೂರು ಬಾರಿ ಹಾಕಿದ್ದಾರೆ. ಮೊದಲ ಬಾರಿ ಗುಮಾಸ್ತರೇ ಕಚೇರಿಗೆ ಹಣ ಕೊಡಬೇಕೆಂದೂ, ಎರಡನೇ ಬಾರಿ ಅವರು ಇನ್ನೂ ಕೆಲಸಕ್ಕೇ ಸೇರಿಲ್ಲವೆಂದೂ, ಮೂರನೇ ಬಾರಿ ತೀರಿಕೊಂಡಿದ್ದಾರೆಂದೂ ಬಂದಿದೆ. ಮೂರೂ ಲೆಕ್ಕಗಳು ಊಟದ ವೇಳೆಗೆ ಮುಗಿದಿರುವುದನ್ನು ಮೆಚ್ಚಲಾಗಿದೆ.

3. ಸದರಿ ಗುಮಾಸ್ತರು ಸಂದರ್ಶಕರಾಗಿ ಬಂದು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳತಕ್ಕದ್ದು. ಪೆನ್ಸಿಲ್ ಅವರದೇ. ಸಂದರ್ಶಕರಿಗೆ ಮೇಜು ಇಲ್ಲದ ಕಾರಣ ತೊಡೆಯನ್ನು ಬಳಸಬಹುದು.

4. ಲೆಕ್ಕ ಬೇಗ ಮುಗಿಸಿದಲ್ಲಿ, ಸೇವೆಯಲ್ಲಿದ್ದಾಗ ಬೇಕೆಂದೇ ನಿಧಾನ ಮಾಡಿದರೆಂದು ಭಾವಿಸಿ ದಂಡ ಮುರಿದುಕೊಳ್ಳಲಾಗುವುದು. ನಿಧಾನವಾದಲ್ಲಿ ಪಾವತಿ ಮುಂದಿನ ತಿಂಗಳಿಗೆ ಹೋಗುವುದು.

5. ಹಣ ಪಡೆಯಲು ಗುರುತಿನ ಚೀಟಿ ತೋರಿಸುವುದು ಕಡ್ಡಾಯ. ಗುರುತಿನ ಚೀಟಿಯನ್ನು ವಜಾ ದಿನವೇ ಗೇಟಿನಲ್ಲಿ ಕಿತ್ತುಕೊಂಡಿರುವುದೂ ಕಡ್ಡಾಯ.

6. ಗುಮಾಸ್ತರ ಹೆಂಡತಿ ಮೊನ್ನೆ ಕೌಂಟರಿಗೆ ಬಂದು, "ನಿಧಾನ ಅಂತ ನಮ್ಮ ಯಜಮಾನ್ರನ್ನ ಮನೆಗೆ ಕಳಿಸಿದ್ರಲ್ಲ, ಒಂದು ಕಾಗದಕ್ಕೆ ಹದಿನೇಳು ದಿನ ತಗೊಂಡ ನಿಮ್ಮನ್ನ ಎಲ್ಲಿಗೆ ಕಳಿಸೋಣ ಸ್ವಾಮಿ? ಐದನೇ ತಾರೀಖಿಗೆ ಬಾಡಿಗೆ ಕೊಡದಿದ್ರೆ ಸಾಮಾನು ಬೀದಿಗೆ ಹಾಕ್ತೀನಿ ಅಂದಿದ್ದಾರೆ ಮನೆ ಮಾಲೀಕರು" ಎಂದು ಗಟ್ಟಿಯಾಗಿ ಕೇಳಿದ್ದಾರೆ. ಸಿಬ್ಬಂದಿಯಲ್ಲಿ ಇಬ್ಬರು ನಕ್ಕಿರುತ್ತಾರೆ. ನಕ್ಕವರಿಂದ ವಿವರಣೆ ಕೇಳಲಾಗಿದೆ. ಇಂಥ ಪ್ರಶ್ನೆಗಳಿಗೆ ತಲೆ ಎತ್ತದೆ "ಪರಿಶೀಲನೆಯಲ್ಲಿದೆ" ಎನ್ನತಕ್ಕದ್ದು.

7. ನಾಲ್ಕನೇ ತಾರೀಖಿನಂದು ಗುಮಾಸ್ತರು ಬಂದು, ಎಂದಿನಂತೆ ಎರಡು ಸಲ ಕೂಡಿ, ಒಂದು ಗಂಟೆಯಲ್ಲಿ ಲೆಕ್ಕ ಮುಗಿಸಿದ್ದಾರೆ. ಮೊತ್ತ ಸರಿಯಿದೆ. ಆದರೆ "ತಯಾರಿಸಿದವರು" ಎಂಬಲ್ಲಿ ಸಹಿ ಹಾಕಲು ವಜಾಗೊಂಡವರಿಗೆ ಅಧಿಕಾರವಿಲ್ಲ. ಆದ್ದರಿಂದ ಅವರನ್ನು ಒಂದು ದಿನದ ಮಟ್ಟಿಗೆ ಸೇವೆಗೆ ಮರಳಿ ತೆಗೆದುಕೊಂಡು, ಸಹಿ ಪಡೆದು, ಸಂಜೆ ಮತ್ತೆ ವಜಾ ಮಾಡತಕ್ಕದ್ದು. ಆ ಒಂದು ದಿನದ ಸಂಬಳ ಸೇರುವುದರಿಂದ ಹಳೆಯ ಲೆಕ್ಕ ರದ್ದಾಗಿ, ಹೊಸ ಲೆಕ್ಕಕ್ಕೆ ಅವರನ್ನು ಇನ್ನೊಂದು ದಿನ ತೆಗೆದುಕೊಳ್ಳಬೇಕಾಗುವುದು. ಈ ಕ್ರಮವನ್ನು ಲೆಕ್ಕ ಮುಗಿಯುವವರೆಗೂ ಮುಂದುವರಿಸುವುದು.

ತಪ್ಪಿದಲ್ಲಿ ಸಂಬಂಧಪಟ್ಟವರನ್ನು ವಜಾ ಮಾಡಬೇಕಾಗಿದ್ದರೂ, ಅವರ ಲೆಕ್ಕ ಹಾಕಲು ಯಾರೂ ಇಲ್ಲದ ಕಾರಣ ಸದ್ಯಕ್ಕೆ ಕೈಬಿಡಲಾಗಿದೆ.

(ಸಹಿ ಇದೆಯೆಂದು ತಿಳಿಯತಕ್ಕದ್ದು)
ಶಾಖಾಧಿಕಾರಿ
ರಜೆಯ ಮೇಲೆ

ಪ್ರತಿಗಳು:
1. ಉಪ ಮೇಲ್ವಿಚಾರಕರಿಗೆ, ಬಡ್ತಿ ಆದೇಶದೊಂದಿಗೆ.
2. ಗೇಟಿನ ಕಾವಲುಗಾರರಿಗೆ, ಗುಮಾಸ್ತರನ್ನು ಬೆಳಿಗ್ಗೆ ಒಳಗೆ ಬಿಟ್ಟು ಸಂಜೆ ಹೊರಗೆ ಹಾಕಲು.
3. ನಕ್ಕ ಇಬ್ಬರಿಗೆ.
4. ಸದರಿ ಗುಮಾಸ್ತರಿಗೆ. ಆರನೇ ತಾರೀಖಿನಂದು ಮನೆಗೆ ಬೀಗ ಬಿದ್ದು, ಸಂಸಾರ ಎಲ್ಲಿಗೆ ಹೋಯಿತೆಂದು ಅಕ್ಕಪಕ್ಕದವರಿಗೂ ತಿಳಿಯದ ಕಾರಣ, ಪ್ರತಿಯನ್ನು ಕಡತದಲ್ಲಿರಿಸಿ ವಿಷಯವನ್ನು ಇತ್ಯರ್ಥವಾಗಿದೆಯೆಂದು ದಾಖಲಿಸಲಾಗಿದೆ.