ಮಾವನ ಸೋಡಾಕ್ಕೆ ನೊರೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಎಲೆಯಡಿಕೆಯದು. ನನಗೆ ತಿಂಡಿ ಪೊಟ್ಟಣಗಳ ಬೆನ್ನಿಗೆ ಅಚ್ಚಾದ ಸಣ್ಣಕ್ಷರ ಓದುವ ಚಟ. ಬಿಸ್ಕತ್ತನ್ನು ಕೂಡ ಅದರ ಜಾತಕ ನೋಡಿಯೇ ಬಾಯಿಗೆ ಹಾಕುತ್ತೇನೆ. ಶಿಕಾರಿಪುರದಿಂದ ಸೊರಬದ ತಾಲ್ಲೂಕು ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳಿಗೆ ಓದಲು ಬೇರೇನು ಸಿಗಬೇಕು? ಹೀಗೆ ಓದಿ ಓದಿ ನಾನು ಅರ್ಧ ವಿಜ್ಞಾನಿ ಎಂಬ ನಂಬಿಕೆ ನನ್ನೊಳಗೆ ಬೆಳೆದಿತ್ತು. ನಮ್ಮ ಮನೆಯವರು ಇದನ್ನು ಒಪ್ಪಿರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವರು ಯಾವುದನ್ನೂ ಬೇಗ ಒಪ್ಪುವುದಿಲ್ಲ.

ಈ ವಿಜ್ಞಾನ ಪರೀಕ್ಷೆಗೆ ಬಂದದ್ದು ನಮ್ಮತ್ತೆ ತೀರಿಕೊಂಡ ಮೇಲೆ. ಮಾವ ಊಟ ಬಿಟ್ಟರು. ಹಟದಿಂದಲ್ಲ, ತಟ್ಟೆಯ ಮುಂದೆ ಕೂರುತ್ತಿದ್ದರು, ಎರಡು ತುತ್ತು ಕಲಸುತ್ತಿದ್ದರು, "ಸಾಕು ಕಣವ್ವ" ಎಂದು ಏಳುತ್ತಿದ್ದರು. ಅಂಗಿ ಮೈಮೇಲೆ ಜೋತಾಡತೊಡಗಿತು. ಡಾಕ್ಟರು ರೋಗವೇನೂ ಇಲ್ಲವೆಂದರು. ರೋಗವಿದ್ದಿದ್ದರೆ ಔಷಧಿಯಾದರೂ ಇರುತ್ತಿತ್ತು. ಒಂದು ಸಂಜೆ, ಏನಾದರೂ ಬೇಕೆನ್ನಿಸುತ್ತದೆಯೇ ಎಂದು ಕೇಳಿದೆ. ಮಾವ, "ಸೊರಬದ ಬಸ್‌ಸ್ಟ್ಯಾಂಡ್ ಹತ್ರ ಖಾದರ್ ಸಾಬ್ರ ಶುಂಠಿ ಸೋಡಾ. ಹೊಸಬಾಳೆಗೆ ಅವಳ ತವರಿಗೆ ಹೋಗುವಾಗೆಲ್ಲ ಅಲ್ಲಿಳಿದು ಕುಡೀತಿದ್ವಿ" ಎಂದರು.

ಆ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಬೇರೆ ಅಂಗಡಿಯ ಶುಂಠಿ ಸೋಡಾ ತಂದು ಲೋಟಕ್ಕೆ ಸುರಿದೆ. ಮಾವ ನೋಡಿ, "ಇದ್ರ ನೊರೆ ನಿಲ್ಲಲ್ಲವ್ವ. ಸಾಬ್ರುದು ಲೋಟದ ಮ್ಯಾಲೆ ಟೊಪ್ಪಿಗೆ ಇಟ್ಟಂಗೆ ನಿಲ್ತಿತ್ತು" ಎಂದು ಪಕ್ಕಕ್ಕೆ ಸರಿಸಿದರು.

ನೊರೆ ತಾನೇ? ನನ್ನ ಚಟ ಎದ್ದು ಕೂತಿತು. ಯಾವುದೋ ಪಾನೀಯದ ಬಾಟಲಿಯ ಮೇಲೆ 'ನೊರೆಕಾರಕ 999' ಎಂದು ಓದಿದ ನೆನಪು. ಮೊಬೈಲಿನಲ್ಲಿ ಹುಡುಕಿದೆ. ಅದು ಕ್ವಿಲ್ಲಾಯ ಎಂಬ ದೂರದೇಶದ ಮರದ ತೊಗಟೆಯ ಸಾರ, ಅಲ್ಲಿಯವರು ಆ ತೊಗಟೆಯಿಂದ ಬಟ್ಟೆಯನ್ನೂ ಒಗೆಯುತ್ತಿದ್ದರು, ನಮ್ಮ ಅಂಟುವಾಳಕಾಯಿಗಿರುವಂಥ ಗುಣವೇ ಅದಕ್ಕೂ ಇದೆ ಎಂದಿತ್ತು. ನನಗೆ ಅಷ್ಟು ಸಾಕಾಯಿತು. ಅಂಟುವಾಳ ಹೊಟ್ಟೆಗೆ ಹೋಗುವ ವಸ್ತುವಲ್ಲ ಎಂಬ ಮುಂದಿನ ಸಾಲನ್ನು ಮಾತ್ರ ಓದಲಿಲ್ಲ.

ಭಾನುವಾರ ಬೆಳಿಗ್ಗೆ ನಾಲ್ಕು ಅಂಟುವಾಳ ಕುದಿಸಿ, ಸೋಸಿ, ಒಂದು ಚಮಚ ರಸವನ್ನು ಸೋಡಾಕ್ಕೆ ಬೆರೆಸಿದೆ. ನೊರೆ ಬಂತು. ಲೋಟ ತುಂಬಿತು, ಅಡುಗೆ ಕಟ್ಟೆಗಿಳಿಯಿತು, ಕಟ್ಟೆಯಿಂದ ನನ್ನ ಕಾಲಿನ ಮೇಲೂ ಇಳಿಯಿತು. ಪುಣ್ಯಕ್ಕೆ ಮೊದಲು ನಾನೇ ರುಚಿ ನೋಡಿದೆ. ಆ ಕಹಿಯನ್ನು ಹೇಗೆ ಹೇಳಲಿ? ಉಗುಳುತ್ತಾ ಹಿತ್ತಲಿಗೆ ಓಡಿದೆ. ಅಲ್ಲಿ ಮಾವ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಾ ನಿಂತಿದ್ದರು.

"ಏನವ್ವ ಇದು, ಬಾಯಲ್ಲಿ ನೊರೆ?" ಎಂದು ಗಾಬರಿಯಾದರು. ನಡೆದದ್ದನ್ನೆಲ್ಲ ಹೇಳಿದೆ. "ಸೀರೆ ಒಗೆಯೋ ಕಾಯಿ ಹಾಕಿದ್ಯಾ? ನನ್ನನ್ನೂ ಒಗೆದು ತಂತಿ ಮ್ಯಾಲೆ ಒಣಗಿ ಹಾಕ್ಬೇಕಂತಿದ್ಯೇನು?" ಎಂದರು. ಆಮೇಲೆ ನಕ್ಕರು. ಅತ್ತೆ ಹೋದ ಈ ಎರಡು ತಿಂಗಳಲ್ಲಿ ಆ ನಗು ಕೇಳಿರಲಿಲ್ಲ. ನಾನು ಬಾಯಿ ಮುಕ್ಕಳಿಸುವುದನ್ನೂ ಮರೆತು ನಿಂತೆ. "ಸಾಬ್ರು ಸೊರಬದಲ್ಲೇ ಇರ್ಬೇಕಲ್ಲ, ಅವ್ರನ್ನೇ ಕೇಳ್ಬಾರ್ದಾ?" ಎಂದರು. ಇಷ್ಟು ಸುಲಭದ ದಾರಿ ಅರ್ಧ ವಿಜ್ಞಾನಿಗೆ ಹೊಳೆದಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಸಾಬರ ಮನೆ ಹುಡುಕಿ ಹೋದೆ. ಹಣ್ಣು ಹಣ್ಣು ಮುದುಕರು, ಜಗಲಿಯಲ್ಲಿ ಕೂತಿದ್ದರು. "ಅದೊಂದು ಎಸೆನ್ಸು ತಾಯಿ, ಶಿವಮೊಗ್ಗದಿಂದ ತರಿಸ್ತಿದ್ದೆ. ತೊಗಟೆ ರಸ ಅದ್ರಲ್ಲೇ ಬೆರೆತಿರ್ತಿತ್ತು. ಹನಿ ಲೆಕ್ಕ. ಹೆಚ್ಚಾಯ್ತೋ, ಕೆಟ್ಟಂಗೇ" ಎಂದು, ಯಾರಿಗೆ ಬೇಕೆಂದು ಕೇಳಿದರು. ಹೇಳಿದೆ. ಅತ್ತೆ ತೀರಿಕೊಂಡದ್ದನ್ನೂ ಹೇಳಿದೆ. "ಹೊಸಬಾಳೆ ಅಕ್ಕ ಹೋಗಿಬಿಟ್ರಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ ತಾಯಿ."

ಎಸೆನ್ಸಿನ ಹೆಸರು ಬರೆಸಿಕೊಂಡು ಬರಲು ಹೋದವಳಿಗೆ ಅವರು ಅದನ್ನು ಹೇಳಲಿಲ್ಲ, ನಮ್ಮ ಮನೆಯ ಗುರುತು ಮಾತ್ರ ಕೇಳಿಕೊಂಡರು. ಮುಂದಿನ ಭಾನುವಾರ ಬಟ್ಟೆಯ ಚೀಲ ಹಿಡಿದು ತಾವೇ ಬಸ್ಸಿಳಿದು ಬಂದರು. ಮಾವನ ಕೈ ಹಿಡಿದುಕೊಂಡು ಕೂತರು. ಆಮೇಲೆ ಚೀಲದಿಂದ ಶುಂಠಿ ಪಾಕ, ಎಸೆನ್ಸಿನ ಸೀಸೆ ತೆಗೆದು, ಹನಿ ಎಣಿಸಿ ಬೆರೆಸಿ, ಎತ್ತರದಿಂದ ಸೋಡಾ ಸುರಿದರು. ನೊರೆ ಎದ್ದು ಲೋಟದ ಬಾಯಿಯ ಮೇಲೆ ದುಂಡಗೆ ನಿಂತಿತು. ಮಾವ ಒಂದೇ ಉಸಿರಿಗೆ ಕುಡಿದರು. ಮೀಸೆಯೆಲ್ಲ ಬೆಳ್ಳಗಾಯಿತು. ಒರೆಸಿಕೊಳ್ಳದೆ ಹಾಗೇ ಕೂತರು.

"ಮಾವ, ಮೀಸೆ ಒರೆಸ್ಕಳ್ರಿ" ಎಂದೆ.

"ಅವಳು ಹಿಂಗೆ ಮೆತ್ತಗೆ ಹೇಳ್ತಿರ್ಲಿಲ್ಲವ್ವ. ಬಸ್‌ಸ್ಟ್ಯಾಂಡಿಗೆಲ್ಲ ಕೇಳಂಗೆ ಗದರೋಳು."

"ಹೌದು, ನಾನೂ ಹೆದರ್ತಿದ್ದೆ" ಎಂದರು ಸಾಬರು.

ಪಹಣಿ ತಿದ್ದುಪಡಿಗೆ ಬಂದವರನ್ನು ದಿನವಿಡೀ ಗದರಿ ಹೊಟ್ಟೆ ಹೊರೆಯುವವಳು ನಾನು. ಇದೊಂದಾದರೂ ನನಗೆ ಬರುವ ವಿದ್ಯೆ ಎಂದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತೆ. "ಒರೆಸ್ಕಳ್ರೀ ಮೊದ್ಲು" ಎನ್ನುವಷ್ಟರಲ್ಲಿ ದನಿ ಅರ್ಧಕ್ಕೇ ಒಡೆಯಿತು. ಮಾವ ಟವೆಲಿನಿಂದ ಮೀಸೆ ಒರೆಸಿಕೊಂಡು, "ಪರವಾಗಿಲ್ಲ, ಅಭ್ಯಾಸ ಮಾಡಿದ್ರೆ ಬರುತ್ತೆ. ಈಗ ಸಾಬ್ರಿಗೂ ನಂಗೂ ಒಂದಿಷ್ಟು ಉಪ್ಪಿಟ್ಟು ಹಾಕ್ಕೊಂಡು ಬಾ" ಎಂದರು.