ನೀರು ಎಂದೊಡನೆ ಟ್ಯಾಂಕರ್ ಎಂದು ಬರೆದ ಬಗ್ಗೆ

ಭಾಷಾ ದತ್ತಾಂಶ ವಿಭಾಗ
ಮೂರನೇ ಮಹಡಿ (ಲಿಫ್ಟ್ ಇರುವುದಿಲ್ಲ), ಕಾಡುಗೋಡಿ

ಸಂಖ್ಯೆ: ಭಾದವಿ/ಕಝಕ್/17/2025-26

ವಿಷಯ: ಕಝಕ್ ಭಾಷೆಯ ಪದಸಾಹಚರ್ಯ ನಿಘಂಟಿಗೆ ಕಝಕ್ ಬಾರದವರು ನಮೂನೆ ತುಂಬಿರುವ ಕುರಿತು.

ಉಲ್ಲೇಖ: 1) ಇದೇ ಕಚೇರಿಯ ಸುತ್ತೋಲೆ ಸಂಖ್ಯೆ 16 (ಯಾರೂ ಓದಿರುವುದಿಲ್ಲ). 2) ಶ್ರೀಮತಿ ಐಗುಲ್ ಅವರ ವಿವರಣೆ.

ಒಂದು ಪದ ಕೇಳಿದ ಐದು ಸೆಕೆಂಡಿನೊಳಗೆ ಮನಸ್ಸಿಗೆ ಮೊದಲು ಬಂದ ಪದವನ್ನು ಬರೆಯತಕ್ಕದ್ದು. ಹೀಗೆ ಕಝಕ್ ಮಾತೃಭಾಷೆಯ ನೂರು ಜನರಿಂದ ಬರೆಸಿ ನಿಘಂಟು ಸಿದ್ಧಪಡಿಸಬೇಕಾಗಿತ್ತು. ಕಾಡುಗೋಡಿಯಲ್ಲಿ ಅಂಥವರು ಒಬ್ಬರೇ ಸಿಕ್ಕಿರುತ್ತಾರೆ: ಕಝಕ್ ನಾಡಿನಿಂದ ಬಂದು ಮಾರಕ್ಕನವರ ಕಟ್ಟಡದಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿರುವ ಶ್ರೀಮತಿ ಐಗುಲ್. ಉಳಿದ ತೊಂಬತ್ತೊಂಬತ್ತು ನಮೂನೆಗಳನ್ನು ಸಿಬ್ಬಂದಿಯೇ ಪದಪಟ್ಟಿಯ ಕನ್ನಡ ಅನುವಾದ ನೋಡಿ ತುಂಬಿರುವುದು ಗಮನಕ್ಕೆ ಬಂದಿದೆ. ತುಂಬಲು ಹೇಳಿದ್ದು ಕೆಳಗೆ ಸಹಿ ಮಾಡಿರುವವರೇ ಆದ್ದರಿಂದ ಗಮನಕ್ಕೆ ಬರುವುದು ಕಷ್ಟವಾಗಲಿಲ್ಲ. ಆ ಪ್ರಯುಕ್ತ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ‘ಹುಲ್ಲುಗಾವಲು’ ಪದಕ್ಕೆ ನಲವತ್ತು ನಮೂನೆಗಳಲ್ಲಿ ‘ಸೈಟು’ ಎಂದೂ, ‘ಹಿಮ’ಕ್ಕೆ ‘ಫ್ರಿಜ್ಜು’ ಎಂದೂ ಬರೆಯಲಾಗಿದೆ. ಇನ್ನು ಮುಂದೆ ಕಝಕ್ ಜನರ ಪರವಾಗಿ ಯೋಚಿಸುವವರು ಯೋಚಿಸುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು.

2. ಮನಸ್ಸಿಗೆ ಮೊದಲು ಬಂದ ಪದವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಐದು ಸೆಕೆಂಡುಗಳಲ್ಲಿ ಚಹಾ ವಿರಾಮ ಸೇರಿರುವುದಿಲ್ಲ.

3. ಸಿಬ್ಬಂದಿಯ ಶ್ರೀ ಅಂಜನ್ ಅವರು ಪಟ್ಟಿಯ ಇನ್ನೂರು ಪದಗಳಿಗೂ ‘ಟ್ರಾಫಿಕ್’ ಎಂದು ಬರೆದಿರುತ್ತಾರೆ. ಅವರ ಹೇಳಿಕೆ: “ಹೋಪ್‌ಫಾರ್ಮ್ ಸಿಗ್ನಲ್ಲಲ್ಲಿ ಮುಕ್ಕಾಲು ಗಂಟೆ ನಿಂತು ಬಂದಿದೀನಿ ಸಾರ್, ತಲೇಲಿ ಇನ್ನೇನೂ ಇಲ್ಲ.” ಹೇಳಿಕೆಯನ್ನು ಅಂಗೀಕರಿಸಲಾಗಿದೆ, ನಮೂನೆಯನ್ನಲ್ಲ.

4. ಪರಿಶೀಲನೆಯಲ್ಲಿ ‘ಅಪ್ಪಟ ಕಝಕ್’ ಎಂದು ಪ್ರಮಾಣೀಕರಿಸಲಾದ ನಮೂನೆ ಒಂದೇ. ಅದರಲ್ಲಿ ಹುಲ್ಲುಗಾವಲಿಗೆ ಕುದುರೆ, ಹಾಲಿಗೆ ಕುದುರೆ, ಮನೆಗೂ ಕುದುರೆ ಎಂದಿದೆ. ಅದನ್ನು ತುಂಬಿದವರೂ ಪ್ರಮಾಣೀಕರಿಸಿದವರೂ ಕೆಳಗೆ ಸಹಿ ಮಾಡಿರುವವರೇ. ಅವರು ಕುದುರೆಯನ್ನು ನೋಡಿರುವುದು ತಮ್ಮ ಮದುವೆಯಲ್ಲಿ ಮಾತ್ರ. ಅಂದೂ ಹತ್ತಿರ ಹೋಗಿರುವುದಿಲ್ಲ.

5. ಶ್ರೀಮತಿ ಐಗುಲ್ ಅವರು ‘ನೀರು’ ಪದಕ್ಕೆ ‘ಟ್ಯಾಂಕರ್’ ಎಂದು ಬರೆದ ಕಾರಣ ಅವರ ನಮೂನೆಯನ್ನು ನಕಲಿ ಎಂದು ತಿರಸ್ಕರಿಸಿ, ನಿಘಂಟಿನಿಂದ ಹೆಸರು ಕೈಬಿಟ್ಟು, ತಾವು ಕಝಕ್ ಎಂಬುದಕ್ಕೆ ಏಳು ದಿನದೊಳಗೆ ಪುರಾವೆ ಸಲ್ಲಿಸುವಂತೆ ನೋಟಿಸ್ ನೀಡಲಾಗಿತ್ತು.

6. ಮಾರಕ್ಕನವರಿಂದ ಕಲಿತ ಕನ್ನಡದಲ್ಲಿ ಅವರು ಕೊಟ್ಟ ವಿವರಣೆ ಯಥಾವತ್ತಾಗಿ: “ನಾನ್ ಉಟ್ಟಿದ್ದು ಅಲ್ಲೇ ಸಾ. ಕನ್ಸು ಬೀಳದೂ ಅದೇ ಬಾಸೇಲಿ. ಆದ್ರೆ ಬೆಳಗ್ಗೆದ್ದು ಕಾಯದು ಟ್ಯಾಂಕರ್‌ನೇ. ಅಂಗಂತ ನಾನ್ ಬೇರೆಯೋಳಾಗ್ಬುಡ್ತೀನಾ? ಎಸ್ರು ತೆಗೀಬ್ಯಾಡಿ. ಬುಕ್ಕಲ್ಲಿ ಬತ್ತದೆ ಅಂತ ನಮ್ಮವ್ವಂಗೆ ಏಳ್ಬುಟ್ಟಿವ್ನಿ.”

7. ಇದನ್ನು ಓದಿ ಕಚೇರಿಗೆ ನಾಚಿಕೆಯಾಗಿರುತ್ತದೆ. ನಾಚಿಕೆಗೆ ಕಡತ ಸಂಖ್ಯೆ ಇನ್ನೂ ನೀಡಿರುವುದಿಲ್ಲ. ನೋಟಿಸನ್ನು ಹಿಂಪಡೆಯಲಾಗಿದೆ. ಕುದುರೆಗಳೂ ಸೇರಿದಂತೆ ತೊಂಬತ್ತೊಂಬತ್ತು ನಮೂನೆಗಳನ್ನು ಇಂದೇ ಹರಿದುಹಾಕತಕ್ಕದ್ದು. ಇನ್ನೂ ತೊಂಬತ್ತೊಂಬತ್ತು ಕಝಕ್ ಜನರು ಸಿಗುವವರೆಗೆ ನಿಘಂಟು ಒಬ್ಬರದ್ದಾಗಿಯೇ ಇರತಕ್ಕದ್ದು. ಮೊದಲ ಪುಟದಲ್ಲಿ ಅವರ ಹೆಸರಿರತಕ್ಕದ್ದು.

ಸಹಿ/-
(ಕೊಟ್ರೇಶ್)
ಉಪ ವ್ಯವಸ್ಥಾಪಕರು (ಕಝಕ್)
(ಕಝಕ್ ಬರುವುದಿಲ್ಲ)

ಪ್ರತಿಗಳು:
1. ಎಲ್ಲ ಸಿಬ್ಬಂದಿಗೆ, ಓದದಿದ್ದರೂ ಓದಿದ್ದೇವೆಂದು ಸಹಿ ಮಾಡಲು.
2. ಶ್ರೀಮತಿ ಮಾರಕ್ಕ, ಕಟ್ಟಡದ ಮಾಲೀಕರು, ಬೋರ್‌ವೆಲ್ ರಿಪೇರಿ ಮಾಡಿಸುವ ಕೋರಿಕೆಯೊಂದಿಗೆ.
3. ಶ್ರೀ ಯಮನೂರ, ಟ್ಯಾಂಕರ್ ಚಾಲಕರು, ತಮ್ಮ ವಾಹನವು ಕಝಕ್ ನಿಘಂಟಿನಲ್ಲಿ ಸೇರಿರುವ ಮಾಹಿತಿಗಾಗಿ.
4. ಕಚೇರಿ ಕಡತಕ್ಕೆ.
5. ಶ್ರೀಮತಿ ಐಗುಲ್ ಅವರ ತಾಯಿಯವರಿಗೆ, ಮಗಳ ಹೆಸರಿರುವ ಪುಟದೊಂದಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ.