ಉಳ್ಳಾಗಡ್ಡಿ ವಂಶಸ್ತುತಿ

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಪಕ್ಕದ ಮನೆಯ ಅಜ್ಜನಷ್ಟು ಅಪಾಯಕಾರಿ ಮನುಷ್ಯನನ್ನು ನಾನು ಕಂಡಿಲ್ಲ. ಬೈಯುವವರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು. ಹೊಗಳುವವರಿಂದ ತಪ್ಪಿಸಿಕೊಳ್ಳುವುದು ಹೇಗೆ ಸ್ವಾಮಿ?

ಅಜ್ಜ ನೈಜೀರಿಯಾದ ಗ್ವಾಂಡಾರಾ ಜನಾಂಗದ ಹಾಡುಗಾರರು. ಹೊಗಳುವುದೇ ಕಸುಬು. ಮದುವೆಮನೆಯಲ್ಲಿ, ಊರ ಹಿರಿಯರ ಅಂಗಳದಲ್ಲಿ ನಿಂತ ನಿಲುವಿನಲ್ಲೇ ವಂಶಾವಳಿಯನ್ನು ಹಾಡಾಗಿ ಕಟ್ಟಿದವರು, ಒಂದಕ್ಷರ ಬರೆದಿಟ್ಟವರಲ್ಲ. ಡಾಕ್ಟರ್ ಮಗಳು ಅವರನ್ನು ಇಲ್ಲಿಗೆ ಕರೆತಂದಳು, ಅವರು ಡೋಲನ್ನು ತಂದರು. ಕಂಕುಳಲ್ಲಿಟ್ಟು ಹಿಚುಕುತ್ತ ಬಡಿದರೆ ಮನುಷ್ಯರ ಹಾಗೆ ದನಿ ಏರಿಸಿ ಇಳಿಸಿ ಮಾತಾಡುವ ಡೋಲು! "ಪ್ರಾರ್ಥನೆಗಿಂತ ಕುಣಿತವೇ ವಾಸಿ ಅಂದರಂತೆ ನಮ್ಮ ಹಿರಿಯರು. ಅದೇ ನಮ್ಮ ಕುಲದ ಹೆಸರಾಯಿತು" ಎಂದು ಒಮ್ಮೆ ಹೇಳಿದ್ದರು. ಇಂಥವರನ್ನು ಸಂಜೆಯಾಗುತ್ತಲೇ ಪರದೆ ಎಳೆದುಕೊಳ್ಳುವ ನಮ್ಮ ಬೀದಿಯಲ್ಲಿ ತಂದು ಬಿಟ್ಟರೆ ಏನಾಗಬೇಕು?

ಮೊದಲು ಸಿಕ್ಕವರು ಕಸದ ಬಿನ್ ಲಾರಿಯವರು. "ಬೀದಿಯ ಕೊಳೆ ಹೊತ್ತೊಯ್ಯುವ ಸಿಂಹಗಳೇ, ನಿಮ್ಮ ಅಪ್ಪ ಯಾರು, ಅಜ್ಜ ಯಾರು?" ಎಂದು ಬೆಳ್ಳಂಬೆಳಗ್ಗೆ ಡೋಲು ಬಡಿದರು. ಅಂದಿನಿಂದ ಅಜ್ಜನ ಮನೆಯ ಬಿನ್ನು ಮಾತ್ರ ಬಾಗಿಲ ತನಕ ವಾಪಸು ಬರತೊಡಗಿತು, ಮುಚ್ಚಳ ಒರೆಸಿಕೊಂಡು.

ಆಮೇಲೆ ನಾನು ಡಾಕ್ಟರಾಗಿರುವ ಜಿಪಿ ಸರ್ಜರಿಗೂ ಬಂದರು; ಇಲ್ಲಿ ದವಾಖಾನೆಗೆ ಹಾಗೆನ್ನುತ್ತಾರೆ. ನಮ್ಮಲ್ಲಿ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಕಾಯಿಲೆಯೇ ಬೇಸತ್ತು ವಾಸಿಯಾಗಿರುತ್ತದೆ. ಅಜ್ಜ ಕೌಂಟರಿನ ಮುಂದೆ ನಿಂತು ರಿಸೆಪ್ಷನಿಸ್ಟಳ ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಹಾಡಿ ಹೊಗಳಿದರು. ಅವಳು ಕಣ್ಣೊರೆಸಿಕೊಂಡು ಆಗಿಂದಾಗಲೇ ಒಳಗೆ ಕಳಿಸಿದಳು.

"ಏನು ತೊಂದರೆ?" ಎಂದೆ.

"ಏನೂ ಇಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟಳು, ಬೇಡ ಎನ್ನಲಾಗಲಿಲ್ಲ."

ನನ್ನ ಸರದಿಯೂ ಬಂತು. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಧಾರವಾಡದ ಕಡೆ ಇದಕ್ಕೆ ಯಾರೂ ನಗುವುದಿಲ್ಲ, ಪಕ್ಕದಲ್ಲೇ ಮೆಣಸಿನಕಾಯಿಯವರೂ ಇರುತ್ತಾರೆ. ಅಜ್ಜ ಅರ್ಥ ಕೇಳಿದರು. ಈರುಳ್ಳಿ ಎಂದೆ. ಅವರ ಮುಖ ಅರಳಿತು. "ಈರುಳ್ಳಿ ಕುಲದವನೇ, ನಿನ್ನನ್ನು ಕೊಯ್ದ ವೈರಿಯೇ ಅಳುತ್ತಾನೆ! ಸುಲಿದಷ್ಟೂ ಒಳಗೆ ನೀನೇ ಇರುತ್ತೀಯೆ!" ಇಡೀ ಬೀದಿಗೆ ಕೇಳಿಸಿತು. ಬ್ರೆಕ್ಸಿಟ್ ಗಲಾಟೆಯಲ್ಲಿ ಎಲ್ಲರೊಂದಿಗೂ ಮಾತು ಬಿಟ್ಟಿದ್ದ ಎದುರುಮನೆಯಾತ ಮರುದಿನ ತಾನಾಗಿ, "ಗುಡ್ ಮಾರ್ನಿಂಗ್, ಡಾಕ್ಟರ್ ಆನಿಯನ್" ಎಂದ.

ಆ ಬೇಸಿಗೆಯಲ್ಲಿ ಅಪ್ಪ ಊರಿಂದ ಬಂದಿದ್ದರು. ಅವ್ವ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅಪ್ಪ ಅತ್ತಿರಲಿಲ್ಲ. ಅವ್ವನ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು, ಊಟವೂ ಅರ್ಧಕ್ಕರ್ಧ. ಹೀಗೇ ಒಳಗಿಟ್ಟುಕೊಂಡರೆ ಇವರೂ ನನಗೆ ಉಳಿಯಲಾರರು ಎಂದು ಹೆದರಿದ್ದೆ. ಊರಿಗೆಲ್ಲ ಮಾತ್ರೆ ಬರೆದುಕೊಡುವವನಿಗೆ ಅಪ್ಪನಿಗೆ ಏನು ಕೊಡಬೇಕೋ ತಿಳಿದಿರಲಿಲ್ಲ.

ಒಂದು ಭಾನುವಾರ ಅಜ್ಜ ಡೋಲಿನ ಸಮೇತ ಚಹಾಕ್ಕೆ ಬಂದರು. ನಾನು ದುಭಾಷಿ. ಅಪ್ಪನ ಅಪ್ಪ ಯಾರು, ಅಜ್ಜ ಯಾರು ಎಂದು ಕೇಳಿದರು, ಅಪ್ಪ ಹೇಳಿದರು. ಆಮೇಲೆ ಅಜ್ಜ, "ಯಾರ ಗಂಡ?" ಎಂದರು. ಇನ್ನೇನು ಅಪ್ಪ ಎದ್ದು ಹೋಗುತ್ತಾರೆ ಎಂದುಕೊಂಡೆ. ಆದರೂ ಕನ್ನಡದಲ್ಲಿ ಹೇಳಿದೆ.

ಅಪ್ಪ ಏಳಲಿಲ್ಲ. "ಹೇಣ್ತಿ ಹೆಸರ ಹಂಗ ಬಾಯಿಬಿಟ್ಟು ಹೇಳಂಗಿಲ್ಲ. ನಮ್ಮ ಕಡೆ ಒಡಪಿನಾಗ ಹೇಳ್ತಾರಂತ ಹೇಳೋ ಅವ್ರಿಗೆ."

ಪದ್ಯ ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳುವುದು ಎಂದು ವಿವರಿಸಿದೆ. ಅಜ್ಜ ನೆಟ್ಟಗೆ ಕುಳಿತರು. "ಹಾಗಾದರೆ ನಿಮ್ಮಪ್ಪ ನಮ್ಮ ಕಸುಬಿನವರೇ. ಹೇಳಲಿ."

ಅಪ್ಪ ಕಪ್ಪು ಕೆಳಗಿಟ್ಟರು.

"ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು,
ನೀಲವ್ವ ಹೋದಮ್ಯಾಲ ಹೆಚ್ಚಾವ್ರು ಯಾರು?"

ನನಗೆ ಅನುವಾದಿಸಲಾಗಲಿಲ್ಲ. ಅಜ್ಜ ಒತ್ತಾಯಿಸಲೂ ಇಲ್ಲ. "ಹೆಸರು ಯಾವುದು? ಅಷ್ಟು ಹೇಳು" ಎಂದರು. ಹೇಳಿದೆ. ಡೋಲನ್ನು ಕಂಕುಳಿಗೇರಿಸಿ ಮೆಲ್ಲಗೆ ಬಡಿದರು. ನೀ-ಲವ್-ವ. ನೀ-ಲವ್-ವ. ಯಾರೋ ಬಾಗಿಲಲ್ಲಿ ನಿಂತು ಅವ್ವನನ್ನು ಕರೆದ ಹಾಗಿತ್ತು.

ಅಪ್ಪ ಅಳತೊಡಗಿದರು. ನಾನೂ ಅತ್ತೆ. ಡೋಲು ನಿಂತಿತು.

"ಇನ್ನೊಮ್ಮೆ ಬಾರಸ್ರಿ ಅಂತ ಹೇಳೋ" ಎಂದರು ಅಪ್ಪ.